ಉಪ್ಪು ಹಾಕುವ ಕೈ

ಆ ಹುಡುಗಿ ಬಂದು ನನ್ನ ಪಕ್ಕ ಕುಳಿತಾಗಲೇ ನನಗೆ ಅನುಮಾನ ಬಂತು. ಆಸ್ಪತ್ರೆಯಲ್ಲಿ ಯಾರೂ ಸುಮ್ಮನೆ ಬಂದು ಪಕ್ಕದಲ್ಲಿ ಕೂರುವುದಿಲ್ಲ. ಕೂತರೆ ರಕ್ತ ಕೇಳುತ್ತಾರೆ, ಇಲ್ಲವೇ ಸಹಿ ಕೇಳುತ್ತಾರೆ. ಕೊರಳಲ್ಲಿ ಗುರುತಿನ ಚೀಟಿ, ಅದರಲ್ಲಿ ಗೌತಮಿ ಅಂತ ಹೆಸರು, ಕೈಯಲ್ಲಿ ನಾಲ್ಕು ಪುಟದ ಫಾರಂ.

“ಅಂಕಲ್, ಹತ್ತ್ ನಿಮಿಷ ಟೈಮ್ ಕೊಡ್ತೀರಿ? ಮುಖದ ನರದ ಬ್ಯಾನಿ ಇದ್ದವ್ರನ್ನ ಮಾತಾಡ್ಸಾಕತ್ತೀನ್ರಿ. ಯಾವ ಟ್ರೀಟ್‌ಮೆಂಟ್ ಬೇಕು ಅಂತಾರ, ಯಾವ್ದಕ್ಕ ಅಂಜತಾರ, ಅದನ್ನ ಬರ್ಕೋತೀನಿ.” ಹಾವೇರಿ ಕಡೆಯ ಮಾತು.

“ಬರ್ಕೊಂಡು ಯಾರಿಗೆ ಕೊಡ್ತೀಯಮ್ಮ?”

“ಯಾರಿಗೂ ಇಲ್ರಿ. ನನ್ ರಿಸರ್ಚಿಗೆ. ನಿಮ್ ಹೆಸರೂ ಬರಿಯಂಗಿಲ್ಲ.”

ಹೆಸರು ಬರೆಯದ ಫಾರಂ ಯಾವ ಆಸ್ಪತ್ರೆಯಲ್ಲಿದೆ? ಮನಸ್ಸಿನಲ್ಲೇ ನಕ್ಕೆ. ಮುಖದಲ್ಲಿ ನಗುವುದನ್ನು ಬಿಟ್ಟು ಆಗಲೇ ಒಂದೂವರೆ ವರ್ಷವಾಗಿತ್ತು.

ನಾನು ಅಕ್ತರ್. ಶಿವಾಜಿನಗರದಲ್ಲಿ ಮದುವೆ ಬಿರಿಯಾನಿ ಮಾಡುವ ಬಾವರ್ಚಿ. ಅಪ್ಪನಿಂದ ಬಂದ ಕೆಲಸ, ನನ್ನ ಕೈಗೆ ಬಂದು ಮೂವತ್ತು ವರ್ಷವಾಯಿತು. ಮನೆಮಾತು ದಖನಿ, ಓದಿದ್ದು ಕನ್ನಡ ಶಾಲೆ, ಬೈಯುವುದು ಎರಡರಲ್ಲೂ. ನೋವಿರುವುದು ಬಲಗೆನ್ನೆಯಲ್ಲಿ. ಹಲ್ಲುಜ್ಜಿದರೆ ಕರೆಂಟು ಹೊಡೆಯುತ್ತದೆ, ಮುಖ ತೊಳೆದರೆ ಹೊಡೆಯುತ್ತದೆ, ಬಸ್ಸಿನ ಕಿಟಕಿಯ ಗಾಳಿಗೆ ಹೊಡೆಯುತ್ತದೆ. ಏನೂ ಮಾಡದೆ ಕೂತರೂ ಬಿಡುವುದಿಲ್ಲ. ಕೆಲವು ಸೆಕೆಂಡು ಅಷ್ಟೇ, ಆದರೆ ಆ ಹೊತ್ತಿನಲ್ಲಿ ಹೆಂಡತಿಯ ಹೆಸರು ಕೇಳಿದರೂ ನನಗೆ ಗೊತ್ತಿರುವುದಿಲ್ಲ. ಮೇ ತಿಂಗಳಲ್ಲೂ ಮಫ್ಲರ್ ಸುತ್ತಿಕೊಂಡು ಓಡಾಡುವ ನನ್ನನ್ನು ನೋಡಿ ಲಿಂಗರಾಜಪುರದ ಬಸ್‌ಸ್ಟಾಪಿನಲ್ಲಿ ಜನ ಸ್ವಲ್ಪ ಸರಿದು ನಿಲ್ಲುತ್ತಾರೆ.

ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಒಂದು ದವಡೆ ಹಲ್ಲು ಕಿತ್ತರು. ನೋವು ಹೋಗಲಿಲ್ಲ ಅಂತ ಪಕ್ಕದ್ದನ್ನೂ ಕಿತ್ತರು. ಎರಡೂ ಗಟ್ಟಿ ಹಲ್ಲು, ಹುಳುಕೇ ಇರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಅವತ್ತಿನಿಂದ ಬಿಳಿ ಕೋಟಿನವರು ಹೇಳಿದ್ದರಲ್ಲಿ ಅರ್ಧ ಮಾತ್ರ ನಂಬುತ್ತೇನೆ, ಯಾವ ಅರ್ಧ ಎನ್ನುವುದನ್ನೂ ನಾನೇ ನಿರ್ಧರಿಸುತ್ತೇನೆ.

ಈ ಆಸ್ಪತ್ರೆಯ ಡಾಕ್ಟರಮ್ಮ ನನ್ನ ಮುಂದೆ ಮೂರು ದಾರಿ ಇಟ್ಟಿದ್ದರು. ಒಂದು, ದಿನಕ್ಕೆ ಮೂರು ಹೊತ್ತು ಮಾತ್ರೆ, ಜೊತೆಗೆ ಆಗಾಗ ರಕ್ತಪರೀಕ್ಷೆ. ಅದು ಸಾಲದಿದ್ದರೆ ಕೆನ್ನೆಯಿಂದ ಸೂಜಿ ತೂರಿಸಿ ನರವನ್ನು ಸುಡುವುದು. ನೋವು ಹೋಗುತ್ತದೆ, ಆದರೆ ಅರ್ಧ ಮುಖ ಜೋಮು ಹಿಡಿಯಬಹುದು, ನಾಲಿಗೆಯ ಒಂದು ಪಕ್ಕವೂ ಹಿಡಿಯಬಹುದು. ಕೊನೆಯದು ಕಿವಿಯ ಹಿಂದೆ ತೆರೆದು ಮಾಡುವ ದೊಡ್ಡ ಆಪರೇಷನ್. ನಾಲಿಗೆ ಜೋಮು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮಿಕ್ಕದ್ದು ನನಗೆ ಸರಿಯಾಗಿ ಕೇಳಿಸಲೂ ಇಲ್ಲ. ನಾಲಿಗೆಯೇ ಇಲ್ಲದ ಬಾವರ್ಚಿಯನ್ನು ಯಾರು ಕರೆಯುತ್ತಾರೆ?

ಅದಕ್ಕೇ ಗೌತಮಿಗೆ ಒಂದೊಂದಾಗಿ ಸುಳ್ಳು ಹೇಳುತ್ತಾ ಹೋದೆ.

“ಗುಳಗಿ ತಗೊಂಡ್ ಮ್ಯಾಲೆ ತಲಿ ಸುತ್ತತದೇನ್ರಿ?”

“ಇಲ್ಲ.”

“ಮರವು?”

“ಇಲ್ಲಮ್ಮ.”

“ಊಟ ಮಾಡಾಕ ತ್ರಾಸ?”

“ಚೆನ್ನಾಗಿ ತಿಂತೀನಿ.”

“ಟ್ರೀಟ್‌ಮೆಂಟಿಂದ ನಿಮಗ ಎಲ್ಲಕ್ಕಿಂತ ಮುಖ್ಯ ಏನ್ ಬೇಕ್ರಿ?”

“ನೋವು ಹೋದ್ರೆ ಸಾಕು.”

ಎಲ್ಲ ಬರೆದುಕೊಂಡಳು. ತಲೆ ಸುತ್ತುತ್ತದೆ ಎಂದಿದ್ದರೆ ಮಾತ್ರೆ ಒಗ್ಗಲಿಲ್ಲ, ಸೂಜಿಗೆ ಬಾ ಎನ್ನುತ್ತಿದ್ದರು. ಡಾಕ್ಟರಮ್ಮ ಉದ್ಯೋಗ ಏನು ಎಂದು ಕೇಳಿದಾಗಲೂ ‘ಬಿಸಿನೆಸ್’ ಅಂತಲೇ ಬರೆಸಿದ್ದೆ. ಅವತ್ತೂ ಅವರು ರಕ್ತಪರೀಕ್ಷೆಯ ಚೀಟಿ ಕೊಟ್ಟರು, ಮಡಚಿ ಜೇಬಿಗೆ ಹಾಕಿದೆ. ಅದು ಮೂರನೆಯ ಚೀಟಿ. ಚೀಟಿ ಬರೆಯುವವರೂ ಅವರೇ, ಲ್ಯಾಬೂ ಅವರದೇ. ಅಷ್ಟು ಅರ್ಥವಾಗದವನು ನಾನಲ್ಲ.

*

ನಮ್ಮ ಭಟ್ಟಿಯಲ್ಲಿ, ಈ ಬಿರಿಯಾನಿ ಒಲೆಯ ಕೆಲಸದಲ್ಲಿ, ಒಂದು ಕಟ್ಟುಪಾಡಿದೆ. ಈರುಳ್ಳಿ ಯಾರು ಬೇಕಾದರೂ ಹೆಚ್ಚಲಿ, ಮಾಂಸ ಯಾರು ಬೇಕಾದರೂ ತೊಳೆಯಲಿ. ದೇಗ್‌ಗೆ, ಅಂದರೆ ನಮ್ಮ ಆ ದೊಡ್ಡ ತಾಮ್ರದ ಹಂಡೆಗೆ, ಉಪ್ಪು ಬೀಳಬೇಕಾದದ್ದು ಉಸ್ತಾದನ, ಎಂದರೆ ಮುಖ್ಯ ಬಾವರ್ಚಿಯ, ಕೈಯಿಂದ ಮಾತ್ರ. ಎರಡು ಕೈ ಉಪ್ಪು ಹಾಕಿದರೆ ಯಾರು ಎಷ್ಟು ಹಾಕಿದರೆಂದು ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೇ ಈ ನಿಯಮ. ಹಾಕಿದ್ದೀರಾ ಎಂದು ಉಸ್ತಾದನನ್ನು ಕೇಳುವ ಹಾಗೂ ಇಲ್ಲ. ನಮಾಜಿಗೆ ನಿಂತವನ ಭುಜ ತಟ್ಟಿ ಎಷ್ಟು ರಕಾತ್ ಆಯಿತು ಎಂದು ಕೇಳಿದ ಹಾಗೆ ಅದು.

ಅಪ್ಪ ನನಗೊಂದು ಅಭ್ಯಾಸ ಹಿಡಿಸಿದ್ದರು. ಉಪ್ಪಿನ ಪ್ಯಾಕೆಟ್ಟನ್ನು ಹಲ್ಲಿನಲ್ಲೇ ಹರಿಯಬೇಕು. ಹರಿಯುವಾಗ ನಾಲ್ಕು ಕಾಳು ನಾಲಿಗೆಗೆ ಬೀಳುತ್ತವೆ. ಆ ರುಚಿ ಬಾಯಲ್ಲಿ ಇರುವವರೆಗೂ ಉಪ್ಪು ಹಾಕಿದ್ದೇನೆ ಎಂಬುದು ಮರೆಯುವುದಿಲ್ಲ. ಒಂದೇ ಸಲಕ್ಕೆ ಐದು ದೇಗ್ ಒಲೆಯ ಮೇಲಿದ್ದಾಗಲೂ ನನ್ನ ಅಪ್ಪ ತಪ್ಪಲಿಲ್ಲ, ನಾನೂ ತಪ್ಪಲಿಲ್ಲ.

ಈ ನೋವು ಬಂದ ಮೇಲೆ ಹಲ್ಲಿನಲ್ಲಿ ಹರಿಯುವುದು ಎಲ್ಲಿಂದ ಬಂತು? ಕತ್ತರಿ ಹಿಡಿದೆ. ಇನ್ನೊಂದು ವಿಷಯ ಹೆಂಡತಿ ತಾಹೇರಾಗೂ ಹೇಳಿರಲಿಲ್ಲ. ಬಿಸಿ ಮಸಾಲೆ ತುಟಿಗೆ ತಾಕಿದರೂ ಕರೆಂಟು ಹೊಡೆಯುತ್ತಿತ್ತು, ಹಾಗಾಗಿ ಎಂಟು ತಿಂಗಳಿಂದ ನಾನು ಒಂದು ದೇಗನ್ನೂ ರುಚಿ ನೋಡಿರಲಿಲ್ಲ. ಸೌಟು ಬಾಯಿಯ ಹತ್ತಿರ ತಂದು, ಹಬೆ ಮೂಸಿ, ತಲೆಯಾಡಿಸಿ ಕೆಳಗಿಡುತ್ತಿದ್ದೆ. ರಂಜಾನಿನಲ್ಲಿ ಉಪವಾಸವಿದ್ದು ಅಡುಗೆ ಮಾಡುವವನಿಗೆ ಮೂಗಿನಲ್ಲೇ ಅಂದಾಜು ಸಿಗುತ್ತದೆ. ಅದೇ ಧೈರ್ಯದ ಮೇಲೆ ನಡೆಸಿಕೊಂಡು ಹೋಗುತ್ತಿದ್ದೆ. ಇದು ಹೊರಗೆ ಬಿದ್ದರೆ ನನ್ನ ಉಸ್ತಾದಿಕೆ ಅಂದೇ ಮುಗಿಯುತ್ತದೆ ಎಂದು ಗೊತ್ತಿತ್ತು.

ಮುಗಿದರೆ ಆ ಜಾಗಕ್ಕೆ ಬರುವವನು ಖಾದರ್. ಇಪ್ಪತ್ತೆರಡು ವರ್ಷದಿಂದ ನನ್ನ ಜೊತೆಗಿರುವ ಎರಡನೇ ಕೈ. ವಯಸ್ಸು ನಲವತ್ತೈದು, ಮಾತು ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ನನಗೆ ಯಾವತ್ತೂ ಒಂದು ಕಣ್ಣು. ಅವರು ಒಳಗೇ ಏನೋ ಬೇಯಿಸುತ್ತಿರುತ್ತಾರೆ.

ರಂಜಾನ್ ಕಳೆದ ಮೇಲೆ ಕಾಕ್ಸ್‌ಟೌನಿನ ಒಂದು ಮದುವೆಯಲ್ಲಿ ಹುಡುಗಿಯ ತಾತ ನನ್ನನ್ನು ಪಕ್ಕಕ್ಕೆ ಕರೆದರು. “ಅಕ್ತರ್ ಭಾಯ್, ಉಪ್ಪು ಸ್ವಲ್ಪ ಮುಂದಾಗಿದೆ. ನಿಮ್ಮ ತಂದೆ ಕಾಲದಿಂದ ತಿಂತಿದೀವಿ, ಹಿಂಗ್ ಆಗಿದ್ದೇ ಇಲ್ಲ.” ನನಗೆ ಭೂಮಿಯೊಳಗೆ ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಖಾದರ್ ಮುಂದೆ ಬಂದು, “ತಪ್ಪು ನಂದು ಸಾಬ್. ಉಸ್ತಾದ್ ನಮಾಜಿಗೆ ಹೋಗಿದ್ರು, ನಾನ್ ಹಾಕ್ಬಿಟ್ಟೆ” ಎಂದ. ನಾನು ದಂಗಾದೆ. ನನ್ನ ದೇಗ್‌ಗೆ ಇವನು ಉಪ್ಪು ಹಾಕಿದನೇ? ಅಲ್ಲೇ ಬೈದೆ, ದಾರಿಯುದ್ದಕ್ಕೂ ಬೈದೆ. ಅವನು ಒಂದಕ್ಕೂ ಎದುರಾಡಲಿಲ್ಲ. ಎದುರಾಡದೇ ಇದ್ದದ್ದೇ ನನ್ನ ಅನುಮಾನದ ಬೆಂಕಿಗೆ ತುಪ್ಪ ಸುರಿಯಿತು.

ಅದಾಗಿ ಹದಿನೈದು ದಿನಕ್ಕೆ, ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯವರಿಗೆ ಊಟ ಕೊಟ್ಟು ಬಂದು ದೇಗ್ ತೊಳೆಸುವಾಗ ತಳದಲ್ಲಿ ಏನೋ ಉಂಡೆ ಸಿಕ್ಕಿತು. ಬೆಂದ ಗೋಧಿಹಿಟ್ಟಿನ ಉಂಡೆ. ದಮ್ ಕಟ್ಟಲು, ಎಂದರೆ ಹಬೆ ಹೊರಗೆ ಹೋಗದ ಹಾಗೆ, ಮುಚ್ಚಳದ ಅಂಚಿಗೆ ಮೆತ್ತುವ ಹಿಟ್ಟು ನಮ್ಮಲ್ಲಿ ಯಾವಾಗಲೂ ಇರುತ್ತದೆ, ಆದರೆ ಅದು ಒಳಗೆ ಏಕೆ ಬಂತು? ಅಡುಗೆ ಗೊತ್ತಿದ್ದವರಿಗೆಲ್ಲ ಗೊತ್ತು: ಉಪ್ಪು ಹೆಚ್ಚಾದರೆ ಹಿಟ್ಟಿನ ಉಂಡೆ ಹಾಕುತ್ತಾರೆ, ಅದು ಉಪ್ಪನ್ನು ಹೀರುತ್ತದೆ.

ಅವತ್ತು ನನಗೆ ಎಲ್ಲ ಹೊಳೆಯಿತು. ಖಾದರ್ ಮೊದಲು ನನ್ನ ದೇಗ್‌ಗೆ ಕದ್ದು ಉಪ್ಪು ಸುರಿಯುತ್ತಾನೆ. ಆಮೇಲೆ ಉಂಡೆ ಹಾಕಿ ತಾನೇ ಸರಿಮಾಡುತ್ತಾನೆ. ಕೆಲಸದವರ ಕಣ್ಣಿಗೆ ಕೆಡಿಸಿದವನು ನಾನು, ಉಳಿಸಿದವನು ಅವನು. ಇಷ್ಟು ದಿನ ಅವನ ಅನ್ನಕ್ಕೆ ದಾರಿ ಮಾಡಿದ್ದೂ ನಾನೇ ಅಲ್ಲವೇ? ಉಂಡೆಯನ್ನು ಯಾರಿಗೂ ತೋರಿಸದೆ ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಮನೆಗೆ ಬಂದರೆ ಅಲ್ಲಿಯೂ ಅದೇ ಕಥೆ. ತಾಹೇರಾ ನಾನು ಬಂದದ್ದು ಗೊತ್ತಿಲ್ಲದೆ ಅಡುಗೆಮನೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. “ನಕ್ಕೋ ಖಾದರ್, ಅವ್ರಿಗ್ ಮಾತ್ರ ಗೊತ್ತಾಗ್ಬಾರ್ದು... ಹೌ, ಚೀಟಿ ಜೇಬಲ್ಲೇ ಇದೆ, ಕೊಟ್ಟೇ ಇಲ್ಲ... ನಾನ್ ನೋಡ್ಕೋತೀನಿ.”

ಬಾಗಿಲಲ್ಲಿ ನನ್ನನ್ನು ನೋಡಿ ಫೋನ್ ಇಟ್ಟಳು. “ಯಾರದು?” ಎಂದೆ. “ನಮ್ಮ ಅಕ್ಕ” ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನೆದುರು ಅವಳು ಹೇಳಿದ ಮೊದಲ ಸುಳ್ಳು ಅದಾಗಿರಲಿಕ್ಕಿಲ್ಲ, ಆದರೆ ನಾನು ಹಿಡಿದ ಮೊದಲನೆಯದು ಅದೇ. ಅವತ್ತು ಅವಳು ಮಾಡಿದ ಗಂಜಿ ಮುಟ್ಟಲಿಲ್ಲ. ಮಾತ್ರೆಯ ಹಾಳೆಯನ್ನು ನನ್ನ ದಿಂಬಿನ ಕೆಳಗೆ ಇಟ್ಟುಕೊಂಡೆ. ಸರಿಯಾಗಿ ಲೆಕ್ಕ ಇಡೋಣ ಎಂದು ಎಣಿಸಿದೆ. ಹನ್ನೊಂದು ಇತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎಣಿಸಿದೆ, ಒಂಬತ್ತು. ಇವಳೂ ಕೈ ಹಾಕುತ್ತಿದ್ದಾಳೆ ಎಂದುಕೊಂಡೆ. ದಿಂಬಿನ ಮೇಲೆ ತಲೆಯಿಟ್ಟವನು ನಾನೇ, ನಡುವೆ ಯಾರು ಬರಲು ಸಾಧ್ಯ ಎಂಬುದು ಆಗ ತಲೆಗೆ ಹೋಗಲಿಲ್ಲ.

*

ಮುಂದಿನ ಭಾನುವಾರ ಕೆ.ಆರ್.ಪುರಂನ ಶಾದಿಮಹಲ್‌ನಲ್ಲಿ ಒಂದು ವಲೀಮಾ, ಗಂಡಿನ ಕಡೆಯವರು ಕೊಡುವ ಮದುವೆಯ ಔತಣ, ಮಧ್ಯಾಹ್ನದ ಊಟ. ನನಗೆ ಬೇಕಾಗಿದ್ದದ್ದು ಒಂದೇ, ಸಾಕ್ಷಿ. ಮಹಲಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಒಲೆ ಹಾಕಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಕಿಟಕಿಯ ಕಟ್ಟೆಯ ಮೇಲೆ ಮಸಾಲೆ ಡಬ್ಬಿಗಳ ನಡುವೆ ನನ್ನ ಫೋನನ್ನು ನಿಲ್ಲಿಸಿ, ದೇಗ್ ಪೂರ್ತಿ ಕಾಣುವ ಹಾಗೆ ವಿಡಿಯೋ ಹಾಕಿದೆ. ಮೇಲೆ ಒಂದು ಒರೆಸುವ ಬಟ್ಟೆ ಮುಚ್ಚಿ, ಕ್ಯಾಮೆರಾದ ಕಣ್ಣು ಮಾತ್ರ ಬಿಟ್ಟೆ.

ಕೆಲಸ ಶುರುವಾಯಿತು. ಉಪ್ಪು ಹಾಕಿದೆ, ಸೌಟು ಮೂಸಿದೆ. ನಡುವೆ ಎರಡು ಸಲ ನೋವು ಬಂತು, ಕಂಬ ಹಿಡಿದು ನಿಂತೆ, ಮಾತ್ರೆ ನುಂಗಿದೆ, ಮುಖಕ್ಕೆ ಗಾಳಿ ತಾಗದ ಹಾಗೆ ಮಹಲಿನೊಳಗೆ ಹೋಗಿ ಸ್ವಲ್ಪ ಹೊತ್ತು ಕೂತೆ. ಬೇಕೆಂದೇ ಹೋದೆ. ಬೆಕ್ಕು ಬರಬೇಕಾದರೆ ಹಾಲಿನ ಪಾತ್ರೆಯ ಹತ್ತಿರ ಯಾರೂ ಇರಬಾರದಲ್ಲ.

ದೇಗ್‌ನ ದಮ್ ಒಡೆಯುವ ಹೊತ್ತಿಗೆ ನನಗೆ ತಡೆಯಲು ಆಗಲಿಲ್ಲ. ಖಾದರ್, ಮಾಂಸದ ಕೆಲಸದ ಅರ್ಸಲಾನ್, ಬಡಿಸುವ ಆರು ಜನ, ಎಲ್ಲರೂ ಅಲ್ಲಿದ್ದರು.

“ಖಾದರ್, ಊಟ ಮುಗೀಲಿ. ಎಲ್ಲರ ಮುಂದೇನೇ ನಿನ್ ಬಣ್ಣ ಬಯಲು ಮಾಡ್ತೀನಿ. ಇಪ್ಪತ್ತೆರಡು ವರ್ಷ ನನ್ ಉಪ್ಪು ತಿಂದು ನನ್ ದೇಗ್‌ಗೇ ಕೈ ಹಾಕಿದೀಯ.”

ಅವನ ಮುಖ ಕಪ್ಪಿಟ್ಟಿತು. “ಆಯ್ತು ಉಸ್ತಾದ್” ಎಂದಷ್ಟೇ ಹೇಳಿ ಮುಚ್ಚಳ ಎತ್ತಿದ.

ನಾನು ಫೋನ್ ತೆಗೆದುಕೊಂಡು ದೇಗ್ ತಂದ ಲಗೇಜ್ ಆಟೋದ ಹಿಂದೆ ಹೋಗಿ ಕೂತೆ. ಎರಡು ಗಂಟೆಯ ವಿಡಿಯೋ. ಬೆರಳಿನಲ್ಲಿ ಓಡಿಸುತ್ತಾ ನೋಡಿದೆ. ಮಫ್ಲರ್ ಸುತ್ತಿಕೊಂಡ ಒಬ್ಬ ಮುದುಕ ಬಂದ. ಮುಖದ ಒಂದು ಪಕ್ಕವನ್ನು ಅಲ್ಲಾಡಿಸದೆ ಬಿಗಿಹಿಡಿದಿದ್ದ. ಅವನು ನಾನೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಕತ್ತರಿಯಿಂದ ಪ್ಯಾಕೆಟ್ ಕತ್ತರಿಸಿ ಉಪ್ಪು ಸುರಿದ, ತಿರುವಿದ, ಸೌಟನ್ನು ಬಾಯಿಯ ಹತ್ತಿರ ತಂದು ತಲೆಯಾಡಿಸಿದ. ಸರಿ, ಇದು ನೆನಪಿದೆ. ಆಮೇಲೆ ಕೆನ್ನೆ ಹಿಡಿದುಕೊಂಡು ಕಂಬಕ್ಕೆ ಒರಗಿದ. ಬಹಳ ಹೊತ್ತು ಒರಗಿದ್ದ. ಜೇಬಿನಿಂದ ಮಾತ್ರೆ ತೆಗೆದು ನುಂಗಿದ. ಇದೂ ನೆನಪಿದೆ. ತಿರುಗಿ ದೇಗ್‌ನ ಹತ್ತಿರ ಬಂದ. ಒಳಗೆ ನೋಡಿದ, ಉಪ್ಪಿನ ಚೀಲದ ಕಡೆ ನೋಡಿದ, ಇನ್ನೊಂದು ಪ್ಯಾಕೆಟ್ ತೆಗೆದ.

“ಏಯ್!” ಎಂದು ನಾನು ಫೋನಿಗೆ ಕೂಗಿದೆ.

ಅವನಿಗೆ ಕೇಳಿಸಲಿಲ್ಲ. ಕತ್ತರಿಸಿದ, ಪೂರ್ತಿ ಸುರಿದ, ತಿರುವಿದ. ಸೌಟು ಮೂಸಿ ಅದೇ ರೀತಿ ತಲೆಯಾಡಿಸಿ, ಮಹಲಿನ ಕಡೆ ನಡೆದ. ಈ ಎರಡನೆಯದು ನನಗೆ ನೆನಪೇ ಇರಲಿಲ್ಲ. ಈಗಲೂ ನೆನಪಿಲ್ಲ. ವಿಡಿಯೋದಲ್ಲಿ ಇಲ್ಲದಿದ್ದರೆ ಅಲ್ಲಾಹನ ಆಣೆ ಮಾಡಿ ಇಲ್ಲ ಎನ್ನುತ್ತಿದ್ದೆ.

ಮುಂದಕ್ಕೆ ನೋಡಿದೆ. ಖಾದರ್ ಬಂದ. ನಾನು ಹೋದ ಕಡೆ ಒಮ್ಮೆ ನೋಡಿ, ಮಸಾಲೆಯ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದ. ಕಣ್ಣು ಮುಚ್ಚಿದ. ಹಿಟ್ಟು ತೆಗೆದು ಬೇಗ ಬೇಗ ಉಂಡೆ ಕಟ್ಟಿ ಒಳಗೆ ಬಿಟ್ಟ. ಅರ್ಸಲಾನ್‌ನನ್ನು ಕರೆದ. ಒಲೆಯ ಸದ್ದಿನ ನಡುವೆಯೂ ಮಾತು ಕೇಳಿಸಿತು.

“ಅನ್ನಕ್ಕಿಟ್ಟಿರೋ ನೀರು ಚೆಲ್ಲಿ ಬೇರೆ ನೀರಿಡು. ಉಪ್ಪು ಬೇಡ.”

“ಇವತ್ತೂನಾ? ಉಸ್ತಾದ್‌ಗೆ ಹೇಳ್ಬಿಡೋಣ ಭಾಯ್.”

“ಉಪ್ಪಿನ ಮಾತು ಉಸ್ತಾದ್ ಹತ್ರ ಎತ್ತಂಗಿಲ್ಲ. ಯಾರಾದ್ರೂ ಕೇಳಿದ್ರೆ ನಾನ್ ಹಾಕ್ದೆ ಅಂತ ಹೇಳು, ತಿಳೀತಾ?”

ಕಾಕ್ಸ್‌ಟೌನಿನ ಮದುವೆಯಲ್ಲಿ ಅವನನ್ನು ಬೈದ ಒಂದೊಂದು ಮಾತೂ ನೆನಪಾಯಿತು. ಬೇಡದ್ದು ಮಾತ್ರ ಚೆನ್ನಾಗಿ ನೆನಪಿರುತ್ತದೆ. ಆಟೋದ ಹಿಂದೆ ಕೂತು ನಾನು ಅತ್ತೆ. ಅತ್ತರೂ ಕೆನ್ನೆಯಲ್ಲಿ ಕರೆಂಟು ಹೊಡೆಯುತ್ತದೆ, ಅದನ್ನೂ ಅವತ್ತೇ ತಿಳಿದುಕೊಂಡೆ.

ಊಟ ಮುಗಿಯಿತು. ವಾಪಸ್ ಹೋದಾಗ ಎಂಟೂ ಜನ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಖಾದರ್ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದ.

“ಎಲ್ಲರ ಮುಂದೆ ಏನೋ ಹೇಳ್ತೀನಿ ಅಂದಿದ್ರಿ ಉಸ್ತಾದ್.”

ನನಗೆ ನಾಚಿಕೆಯಾಯಿತು, ಭಯವಾಯಿತು. ಎಲ್ಲರ ಮುಂದೆ ಬೈದವನು ಎಲ್ಲರ ಮುಂದೆಯೇ ತಪ್ಪಾಯಿತು ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ: “ದೇಗ್ ತೊಳೀರಿ. ತಡ ಆಯ್ತು.”

*

ಮಾರನೆಯ ದಿನ ನಾನೇ ತಾಹೇರಾಗೆ ಹೇಳಿದೆ, ಆಸ್ಪತ್ರೆಗೆ ಹೋಗೋಣ, ರಕ್ತ ಕೊಡುತ್ತೇನೆ. ಅವಳು ಬುರ್ಖಾ ಹಾಕಿಕೊಳ್ಳುತ್ತಾ ಅಲ್ಲೇ ನಿಂತಳು. “ಫೋನಲ್ಲಿ ಅಕ್ಕ ಅಲ್ಲ ಅವತ್ತು, ಖಾದರ್” ಎಂದಳು. “ನೀವು ಮರೀತಿದೀರ, ಬ್ಲಡ್ ಟೆಸ್ಟ್ ಹೆಂಗಾದ್ರೂ ಮಾಡ್ಸಿ ಆಪಾ ಅಂತ ಎರಡ್ ತಿಂಗಳಿಂದ ನನ್ ತಲೆ ತಿಂತಿದಾನೆ.” ಗೊತ್ತು ಎಂದೆ.

ಮಧ್ಯಾಹ್ನ ಡಾಕ್ಟರಮ್ಮ ರಿಪೋರ್ಟ್ ಹಿಡಿದುಕೊಂಡು ನನ್ನನ್ನು ಕರೆದರು. ಮುಖ ಗಂಭೀರವಾಗಿತ್ತು.

“ಅಕ್ತರ್ ಅವ್ರೇ, ನಿಮ್ಮ ಮೈಯಲ್ಲಿ ಉಪ್ಪು ತುಂಬಾ ಕಮ್ಮಿಯಾಗಿದೆ.”

ನಾನು ತಾಹೇರಾ ಕಡೆ ತಿರುಗಿದೆ. “ಖಾದರ್ ಇವ್ರಿಗೂ ಹೇಳಿದ್ನಾ? ಗೇಲಿ ಮಾಡ್ತಿದಾರಾ ನನ್ನ?”

ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ. ಯಾವ ಖಾದರ್ ಎಂದು ಕೇಳಿ, ಆಮೇಲೆ ನಿಧಾನವಾಗಿ ವಿವರಿಸಿದರು. ಈ ಮಾತ್ರೆ ಕೆಲವರಲ್ಲಿ ರಕ್ತದ ಸೋಡಿಯಂ ಇಳಿಸುತ್ತದೆ. ಇಳಿದರೆ ತಲೆ ಸುತ್ತುತ್ತದೆ, ಗೊಂದಲವಾಗುತ್ತದೆ, ಮಾಡಿದ ಕೆಲಸ ಮಾಡಿಲ್ಲವೆಂದು ಅನ್ನಿಸುತ್ತದೆ. ಇನ್ನೂ ಇಳಿದಿದ್ದರೆ ಮೂರ್ಛೆಯೇ ಬರಬಹುದಿತ್ತು. ರಕ್ತಪರೀಕ್ಷೆ ಬರೆದಿದ್ದು ಅದಕ್ಕೇ. ಆ ಬೆಳಗಿನವರೆಗೂ ಮೂರೂ ಚೀಟಿ ನನ್ನ ಜೇಬಿನಲ್ಲಿ ಮಡಚಿದ ಹಾಗೆಯೇ ಇದ್ದವು.

“ಅನುಮಾನಾನೂ ಅದ್ರಿಂದ್ಲೇ ಬರುತ್ತಾ ಡಾಕ್ಟ್ರೇ?” ಎಂದು ಕೇಳಿದೆ, ಸ್ವಲ್ಪ ಆಸೆಯಿಂದ.

ಡಾಕ್ಟರಮ್ಮ ಬಾಯಿ ತೆರೆಯುವ ಮುಂಚೆ ತಾಹೇರಾ ಹೇಳಿದಳು, “ಅದು ಇವ್ರಿಗೆ ಮದುವೆಗೆ ಮುಂಚೇನೇ ಇತ್ತು ಡಾಕ್ಟ್ರೇ. ಅದನ್ನ ಮಾತ್ರೆ ಮೇಲೆ ಹಾಕ್ಬೇಡಿ.”

ಅಂದೇ ಅಡ್ಮಿಟ್ ಮಾಡಿಕೊಂಡರು. ಆ ಮಾತ್ರೆ ಇಳಿಸಿ ಬೇರೆ ಕೊಟ್ಟರು. ತಲೆ ತಿಳಿಯಾಗುತ್ತಾ ಬಂತು, ಅದರ ಜೊತೆಗೇ ನೋವೂ ಮೊದಲಿನ ಜೋರಿಗೆ ಬಂತು. ನೀರು ಕುಡಿಯಲೂ ಸ್ಟ್ರಾ ಬೇಕಾಯಿತು. ಮೂರನೆಯ ದಿನ ವಾರ್ಡಿನಲ್ಲಿ ಗೌತಮಿ ಹೋಗುವುದು ಕಾಣಿಸಿತು. ಕೈ ಸನ್ನೆ ಮಾಡಿ ಕರೆದೆ.

“ಆ ಫಾರಂ ಹರಿದಾಕಮ್ಮ. ನಾನ್ ಹೇಳಿದ್ದೆಲ್ಲ ಸುಳ್ಳು.”

ಅವಳು ಗಾಬರಿಯಾಗಲಿಲ್ಲ. “ಭಾಳ ಮಂದಿ ಹಂಗ ಹೇಳ್ತಾರ್ರಿ, ಅಂಜಿ” ಎಂದು ಸ್ಟೂಲ್ ಎಳೆದುಕೊಂಡು ಕೂತು ಹೊಸ ಫಾರಂ ತೆಗೆದಳು. ತಲೆ ಸುತ್ತುತ್ತದೆ ಎಂದೆ. ಮರೆವು ಇದೆ ಎಂದೆ. ಎಂಟು ತಿಂಗಳಿಂದ ಗಂಜಿ ಬಿಟ್ಟು ಬೇರೆ ತಿಂದಿಲ್ಲ ಎಂದೆ. ಹೇಳುತ್ತಾ ಹೋದಂತೆ ಒಂದು ಥರದ ಹಗುರ ಅನ್ನಿಸಿತು.

“ಎಲ್ಲಕ್ಕಿಂತ ಮುಖ್ಯ ಏನ್ ಬೇಕ್ರಿ ನಿಮಗ?”

“ಉಪ್ಪು ನೋಡ್ಬೇಕಮ್ಮ. ನನ್ ನಾಲಿಗೇಲಿ. ನಾನು ಬಾವರ್ಚಿ. ನೋವು ಅರ್ಧ ಉಳಿದ್ರೂ ಪರವಾಗಿಲ್ಲ, ನಾಲಿಗೆ ಹೋಗ್ಬಾರ್ದು.”

ಅವಳ ಪೆನ್ನು ನಿಂತಿತು. “ಇದನ್ನ ಡಾಕ್ಟರಿಗೆ ಹೇಳೇ ಇಲ್ಲೇನ್ರಿ? ನೀವು ಒಪ್ಪಿದ್ರ ನಾನು ಅವರಿಗೆ ತಿಳಸ್ತೀನಿ.”

ಒಪ್ಪಿದೆ. ಸಂಜೆ ಡಾಕ್ಟರಮ್ಮ ಬಂದು ನನ್ನ ಹಾಸಿಗೆಯ ಪಕ್ಕ ನಿಂತರು. “ಮೂರ್ ಸಲ ಕೇಳಿದ್ದೆ ಏನ್ ಕೆಲಸ ಅಂತ. ಬಿಸಿನೆಸ್ ಅಂತ ಬರ್ಸಿದೀರಾ. ನಾನು ಏನಂತ ತಿಳ್ಕೊಳ್ಳಿ?” ಬೈದರು, ನಾನು ಬೈಸಿಕೊಂಡೆ. ನನ್ನಂಥವನಿಗೆ ಸೂಜಿಯ ಮಾತೇ ಎತ್ತುವುದಿಲ್ಲ ಎಂದರು. ಸ್ಕ್ಯಾನಿನಲ್ಲಿ ಒಂದು ರಕ್ತನಾಳ ನರವನ್ನು ಒತ್ತುತ್ತಿರುವುದು ಕಾಣುತ್ತದೆಯಂತೆ. ಕಿವಿಯ ಹಿಂದೆ ತೆರೆದು ಅವೆರಡರ ನಡುವೆ ಚಿಕ್ಕ ಮೆತ್ತೆಯೊಂದನ್ನು ಇಡುತ್ತಾರಂತೆ. ಏನೇನು ಕೆಡಬಹುದು ಎಂದು ಕೇಳಿದೆ. ಬಲಗಿವಿ ಮಂದವಾಗಬಹುದು, ಮುಖ ಜೋಮಾಗುವುದು ಅಪರೂಪ, ಆದರೆ ಆಗುವುದೇ ಇಲ್ಲ ಎನ್ನಲಾರೆ, ಜೀವಕ್ಕೂ ಸ್ವಲ್ಪ ಅಪಾಯವಿದೆ, ನೋವು ವರ್ಷಗಳ ಮೇಲೆ ತಿರುಗಿ ಬರಲೂಬಹುದು ಎಂದು ಒಂದೊಂದಾಗಿ ಹೇಳಿದರು. ಬರೀ ಒಳ್ಳೆಯದನ್ನೇ ಹೇಳಿದ್ದರೆ ನಾನು ಎದ್ದು ಮನೆಗೆ ಹೋಗುತ್ತಿದ್ದೆ. ಸೋಡಿಯಂ ಮೇಲೆ ಬಂದ ಕೂಡಲೇ, ಸೋಮವಾರಕ್ಕೆ, ಆಪರೇಷನ್ ಎಂದು ಸಹಿ ಹಾಕಿದೆ. ಹಾಕುವ ಮುಂಚೆ ಫಾರಂ ಎರಡು ಸಲ ಓದಿದೆ, ತಾಹೇರಾಳಿಂದ ಒಂದು ಸಲ ಓದಿಸಿದೆ.

ಶುಕ್ರವಾರ ಸಂಜೆ ಖಾದರ್ ಬಂದ. ಗಂಜಿಯ ಡಬ್ಬಿ ಮೇಜಿನ ಮೇಲಿಟ್ಟು, ಕಾಲ ಬಳಿ ನಿಂತ. ಕೂರು ಎಂದರೂ ಕೂರಲಿಲ್ಲ. ಬಡಿಸುವವರ ಎದುರಿಗೆ ನಾನಂದ ಮಾತು ನಮ್ಮಿಬ್ಬರ ನಡುವೆ ಇನ್ನೂ ಹಾಗೇ ಇತ್ತು. ನಾನು ಫೋನ್ ತೆಗೆದು ವಿಡಿಯೋ ಹಾಕಿ ಅವನ ಕೈಗೆ ಕೊಟ್ಟೆ. ಪೂರ್ತಿ ನೋಡಿದ.

“ಡಬ್ಬಿ ಮಧ್ಯ ಇಟ್ಟಿದ್ರಾ?” ಎಂದ. “ನನ್ನ ಹಿಡಿಯೋಕಾ?”

“ಹೂಂ.”

“ಆ ಒರೆಸೋ ಬಟ್ಟೆ ನೋಡಿದ್ದೆ. ಅದ್ಯಾಕ್ ಅಲ್ಲಿದೆ ಅಂದ್ಕೊಂಡೆ.” ಅವನ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು.

“ತಪ್ಪಾಯ್ತು ಖಾದರ್. ಎಲ್ಲರ ಮುಂದೆ ಅಂದೆ, ಎಲ್ಲರ ಮುಂದೇನೇ ಹೇಳ್ತೀನಿ. ಮೊದ್ಲು ನಿನಗೆ ಹೇಳ್ತಿದೀನಿ.” ಅವನು ತಲೆ ತಗ್ಗಿಸಿದ. “ಇನ್ನೊಂದಿದೆ. ಎಂಟ್ ತಿಂಗಳಿಂದ ನಾನು ರುಚಿ ನೋಡಿಲ್ಲ.”

“ಗೊತ್ತು ಉಸ್ತಾದ್. ಸೌಟು ನಿಮ್ ತುಟಿಗೆ ಮುಟ್ತಾನೇ ಇರ್ಲಿಲ್ಲ.”

“ಎಲ್ಲ ಗೊತ್ತಿದ್ದೂ ಯಾಕೋ ಹೇಳ್ಲಿಲ್ಲ?”

“ಹೇಳಿದ್ರೆ ನಂಬ್ತಿದ್ರಾ?”

ಯೋಚಿಸಿದೆ. ಸುಳ್ಳು ಹೇಳುವ ಕಾಲ ಮುಗಿದಿತ್ತು. “ಇಲ್ಲ. ಆವತ್ತೇ ನಿನ್ನ ಹೊರಗೆ ಹಾಕ್ತಿದ್ದೆ.”

“ಹಾಕಿದ್ರೆ ಉಂಡೆ ಯಾರ್ ಬಿಡ್ತಿದ್ರು?” ಎಂದ ಖಾದರ್. ಫೋನ್ ವಾಪಸ್ ಕೊಡುತ್ತಾ ಕೇಳಿದ, “ಭಾನುವಾರ ಹಲಸೂರಿನ ಮದುವೆ ಇದೆ. ಬೇಡ ಅಂತ ಹೇಳ್ಬಿಡ್ಲಾ?”

“ಯಾಕೆ?”

ಯಾಕೆಂದು ನನಗೂ ಗೊತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ದೇಗನ್ನು ಕಾಪಾಡಿದ್ದ, ಆದರೆ ಉಪ್ಪಿನ ಪ್ಯಾಕೆಟ್ಟಿಗೆ ಅವನು ಒಂದು ದಿನವೂ ಕೈ ಹಾಕಿರಲಿಲ್ಲ. ಕಾಕ್ಸ್‌ಟೌನಿನಲ್ಲಿ ಹಾಕಿದೆ ಎಂದದ್ದೂ ಸುಳ್ಳು.

“ನೀನೇ ಹಾಕು” ಎಂದೆ. ಹೇಳುವಾಗ ಕೆನ್ನೆ ಹೊಡೆಯಿತು, ಹಾಸಿಗೆಯ ಕಂಬಿ ಹಿಡಿದುಕೊಂಡೆ, ಅದು ಹೋಗುವವರೆಗೂ ಅವನು ಕಾದ. “ಕತ್ತರಿ ಮುಟ್ಬೇಡ. ಪ್ಯಾಕೆಟ್ ಹಲ್ಲಲ್ಲೇ ಹರಿ. ನಾಲ್ಕ್ ಕಾಳು ನಾಲಿಗೆ ಮೇಲೆ ಬೀಳ್ಬೇಕು. ಬಿದ್ರೆ ಹಾಕಿದ್ದು ಮರೆಯಲ್ಲ.”

ಖಾದರ್ ತಲೆಯಾಡಿಸಿ ಬಾಗಿಲವರೆಗೂ ಹೋದ. ಅಲ್ಲಿ ನಿಂತು ತಿರುಗಿದ.

“ಒಂದ್ ದೇಗ್‌ಗೆ ಎಷ್ಟ್ ಹಾಕ್ಲಿ ಉಸ್ತಾದ್?”

ಎಷ್ಟು ಎನ್ನುವುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕೇಳಿದ. ನಾನು ಹೇಳಿದೆ.